ಬೆಳ್ಳಿಚುಕ್ಕಿಯ ಮುಂದೆ ಒಂದು ಹರಳುಕಲ್ಲು

ಕೊಳ್ಳದ ಅಂಚಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮೇಲೆ ಚುಕ್ಕಿಗಳು, ಕೆಳಗೆ ಕತ್ತಲು. ಆ ಕತ್ತಲಿಗೊಂದು ತಳವಿದೆ ಎಂದು ನಂಬಬೇಕಾದರೆ ಕಲ್ಲೆಸೆದೇ ನೋಡಬೇಕು. ಮೆಲ್ಚೋರಾ ಸುನಿ ಎಸೆಯುತ್ತಾರೆ. ಕಸೂತಿ ಲಂಗದ ಜೇಬಿನಿಂದ ಹರಳುಕಲ್ಲೊಂದನ್ನು ತೆಗೆದು, ಹುರಿದ ಜೋಳವನ್ನು ಬಾಯಿಗೆ ಎಸೆದುಕೊಳ್ಳುವಷ್ಟೇ ಸಲೀಸಾಗಿ, ದಾರಿಯ ಹೊರ ಅಂಚಿಗೆ ಚಿಮ್ಮುತ್ತಾರೆ. ಟಿಕ್. ಆಮೇಲೆ ಮೌನ. ಆಮೇಲೆ ಬಹಳ ಕೆಳಗೆಲ್ಲೋ ಇನ್ನೊಂದು ಟಿಕ್, ಯಾರೋ ನಿದ್ದೆಯಲ್ಲಿ ನಾಲಗೆ ಲೊಟ್ಟೆ ಹೊಡೆದ ಹಾಗೆ. ಅವರ ಬೆನ್ನಿಗೆ ಮೂತಿ ಆನಿಸಿ ನಿಂತ ಕಂದು ಬಣ್ಣದ ಹೆಣ್ಣುಕುದುರೆ ಕಿವಿಗಳನ್ನು ಮುಂದಕ್ಕೆ ಚಾಚಿ ಅದನ್ನು ಕೇಳಿಸಿಕೊಳ್ಳುತ್ತದೆ. ಕೇಳಿಸಿಕೊಂಡು ಒಂದು ಹೆಜ್ಜೆ ಇಡುತ್ತದೆ. ಕೊರಳ ಗಂಟೆ ಮೆಲ್ಲಗೆ ನುಡಿಯುತ್ತದೆ. ಆ ನುಡಿ ಕೇಳಿದ್ದೇ ಹಿಂದೆ ಸಾಲುಗಟ್ಟಿದ ಹೇಸರಗತ್ತೆಗಳೂ ಹೊರೆ ಹೊತ್ತು ಹೆಜ್ಜೆ ಎತ್ತುತ್ತವೆ.

ಹೇಸರಗತ್ತೆಗಳ ಹಿಂದೆ ಹಣೆಗೆ ದೀಪ ಕಟ್ಟಿಕೊಂಡ ಚಾರಣಿಗರು. ಮುಂದೆ ಹೋಗುವ ಹೆಂಗಸು ಕಲ್ಲು ಎಸೆಯುವುದನ್ನು ನೋಡಿ ಅದು ಬೆಟ್ಟಕ್ಕೆ ಸಲ್ಲಿಸುವ ಕಾಣಿಕೆ ಎಂದೇ ಅವರೆಲ್ಲ ತಿಳಿಯುತ್ತಾರೆ. ಕೇಳಿದವರಿಗೆ ಮೆಲ್ಚೋರಾ ಹೂಂಗುಟ್ಟುತ್ತಾರೆ. "ಹೂಂ ಅಂದ್ಬಿಟ್ರೆ ಮಾತು ಮುಗೀತು. ಬೆಟ್ಟಕ್ಕೆ ಅಂತ ಮೇಲೇ ಕೋಕಾ ಎಲೆ ಇಟ್ಟು ಬಂದಿರ್ತೀನಿ. ಕಲ್ಲು ತಗೊಂಡು ಬೆಟ್ಟ ಏನು ಮಾಡತ್ತೆ? ಅದ್ರ ಹತ್ರ ಇಲ್ದೇ ಇರೋದಾ?"

ಕೋಲ್ಕಾ ಕೊಳ್ಳದ ಈ ಮಗ್ಗುಲಿನಲ್ಲಿ ಚೋಕೆಪಾಂಪ ಎಂಬ ಊರಿದೆ. ಅಲ್ಲಿಂದ ತಳದ ನದಿಯವರೆಗೆ ಇಳಿಯುವ ದಾರಿ ಒಂದೇ. ಮಳೆಯೆಂಬುದು ವರ್ಷಕ್ಕೊಮ್ಮೆ ಬಂದು ಹೋಗುವ ನೆಂಟ. ಉಳಿದ ದಿನಗಳಲ್ಲಿ ಬಿಸಿಲು, ಬೂದಿಬಣ್ಣದ ಬಂಡೆ, ಕಳ್ಳಿ, ಮಧ್ಯಾಹ್ನ ಎದ್ದು ಸಂಜೆ ಮಲಗುವ ಗಾಳಿ. ತಳದಲ್ಲಿ ಮಾತ್ರ ಊಟೆಯೊಂದು ಸುರಿದು ಅಂಗೈಯಗಲದ ಹಸಿರು. ಅಲ್ಲಿ ಅಂಜೂರದ ಮರಗಳ ನಡುವೆ ಫೌಸ್ತಾ ಎಂಬಾಕೆ ಗುಡಿಸಲು ಕಟ್ಟಿಕೊಂಡು ಚಾರಣಿಗರಿಗೆ ಊಟ ಹಾಕುತ್ತಾರೆ. ಡೇರೆ, ಹಗ್ಗ, ಆಲೂಗಡ್ಡೆ, ಅಡುಗೆ ಅನಿಲ, ಫೌಸ್ತಾರ ಬಿಯರ್ ಬಾಟಲಿ, ಒಮ್ಮೊಮ್ಮೆ ಕಾಲು ಉಳುಕಿಸಿಕೊಂಡ ಪಟ್ಟಣದವರು, ಎಲ್ಲವೂ ಹೇಸರಗತ್ತೆಗಳ ಬೆನ್ನ ಮೇಲೇ ಹತ್ತಿಳಿಯಬೇಕು. ವಾರದಲ್ಲಿ ಮೂರು ಸಲವಾದರೂ ಸಾಲು ಇಳಿಯುತ್ತದೆ. ಹೊರೆ ಕಟ್ಟುವವರು, ಬೈದು ಎಬ್ಬಿಸುವವರು ಬೇರೆ ಇದ್ದಾರೆ. ಮೆಲ್ಚೋರಾರ ಕೆಲಸ ಗಂಟೆಕುದುರೆಯನ್ನು ನಡೆಸುವುದು.

ಗಂಟೆಕುದುರೆ ಯಾಕೆ ಬೇಕು ಎಂಬುದನ್ನು ಅವರು ಹೀಗೆ ಹೇಳುತ್ತಾರೆ: "ಹೇಸರಗತ್ತೆಗೆ ಅಪ್ಪ ಕತ್ತೆ, ಅಮ್ಮ ಕುದುರೆ. ಅದು ಸಾಯೋ ತನಕ ಅಮ್ಮನ್ನ ಹುಡುಕ್ತಾನೇ ಇರತ್ತೆ. ಮುಂದೆ ಒಬ್ಳು ಅಮ್ಮ ಗಂಟೆ ಕಟ್ಕೊಂಡು ಹೋಗ್ತಿದಾಳೆ ಅಂದ್ರೆ ನರಕಕ್ಕಾದ್ರೂ ಹಿಂದೆ ಹೋಗತ್ತೆ. ನಂಗೆ ಬೈದ್ರೂ ಸರಿ, ಹೊಡೆದ್ರೂ ಸರಿ, ನಾನು ಅಮ್ಮ ಅಲ್ವಲ್ಲ."

ಕುದುರೆಯ ಹೆಸರು ಲುಸೇರಾ. ಹಣೆಯ ಮೇಲೊಂದು ಬಿಳಿ ಚುಕ್ಕೆ ಇರುವುದರಿಂದ ಬಂದ ಹೆಸರು. ನಮ್ಮ ಮಾತಿನಲ್ಲಿ ಬೆಳ್ಳಿಚುಕ್ಕಿ. ಅದು ಮರಿಯಾಗಿದ್ದಾಗ ಅದನ್ನು ಈ ದಾರಿಗೆ ಪಳಗಿಸಿದವರು ಮೆಲ್ಚೋರಾರ ತಂದೆ. ಜೀವಮಾನವೆಲ್ಲ ಕೊಳ್ಳದ ಬಿಸಿಲು, ದೂಳು ಕುಡಿದು ಅವರ ಕಣ್ಣುಗಳ ಮೇಲೆ ಪೊರೆ ಬೆಳೆದಿತ್ತು. ಕಣ್ಣು ಹೋಯಿತೆಂದು ಮನೆಯಲ್ಲಿ ಕೂರುವ ಜಾತಿಯಲ್ಲ ಆ ಮುದುಕ. ಜೇಬು ತುಂಬ ಹರಳು ತುಂಬಿಕೊಂಡು, ಒಂದೊಂದನ್ನೇ ಅಂಚಿಗೆ ಎಸೆಯುತ್ತ, ಟಿಕ್ ಎಂದ ಕಡೆ ಅಂಚು, ಆಮೇಲಿನ ಮೌನ ಎಷ್ಟುದ್ದವೋ ಅಷ್ಟು ಆಳ ಎಂದು ಅಳೆದುಕೊಂಡು ಇಳಿಯುತ್ತಿದ್ದರು. ಹಿಂದೆಯೇ ಮರಿಕುದುರೆ. ಅದಕ್ಕೆ ಯಾರೂ ಕಲಿಸಲಿಲ್ಲ. ತೊಟ್ಟಿಲ ಮಗು ಜೋಗುಳ ಕಲಿತಂತೆ ಅದು ಕಲ್ಲಿನ ಸದ್ದನ್ನು ಕಲಿತುಬಿಟ್ಟಿತ್ತು.

ಆ ವಿದ್ಯೆ ಇಷ್ಟು ವರ್ಷದ ಮೇಲೆ ಬೇಕಾಗುತ್ತದೆಂದು ಮೆಲ್ಚೋರಾ ಎಣಿಸಿರಲಿಲ್ಲ. ಒಂದು ಬೆಳಗ್ಗೆ ಬಾರ್ಲಿಯ ಬುಟ್ಟಿ ಮುಂದೆ ಹಿಡಿದರೆ ಲುಸೇರಾ ಮೂತಿಯನ್ನು ಬುಟ್ಟಿಯ ಪಕ್ಕದ ಗಾಳಿಗೆ ಚಾಚಿತು. ಕಣ್ಣಿನೊಳಗೆ ಹಾಲು ಚೆಲ್ಲಿದಂತಿತ್ತು. ಅವರು ಬುಟ್ಟಿಯನ್ನು ಸರಿಸಿ ಮೂತಿಗೆ ತಾಗಿಸಿದರು, ಕೊಟ್ಟಿಗೆಯ ಬಾಗಿಲು ಹಾಕಿದರು, ಯಾರಿಗೂ ಹೇಳಲಿಲ್ಲ. ಕುರುಡು ಕುದುರೆಯನ್ನು ಸಂತೆಯಲ್ಲಿ ಕೊಳ್ಳುವವನು ಒಬ್ಬನೇ, ಅವನ ಕೈಯಲ್ಲಿ ಕತ್ತಿ ಇರುತ್ತದೆ.

ಅಂದಿನಿಂದ ಅವರೇ ಒಂದು ಹೆಜ್ಜೆ ಮುಂದೆ ನಡೆಯತೊಡಗಿದರು, ಕುದುರೆಯ ಮೂತಿ ತಮ್ಮ ಬೆನ್ನಿಗೆ ತಾಗುವಷ್ಟು ಹತ್ತಿರ. ಅವರ ಹೊದಿಕೆಯಲ್ಲಿ ಎರಡು ಹೆಗಲ ನಡುವೆ ನೂಲು ಸವೆದು ತೆಳ್ಳಗಾದ ಒಂದು ಗುರುತಿದೆ. ಜೇಬಿನಲ್ಲಿ ಅಪ್ಪನ ಹರಳು. ಲುಸೇರಾ ಕೇಳಿತು, ಹೆಜ್ಜೆ ಇಟ್ಟಿತು, ಗಂಟೆ ನುಡಿಯಿತು, ಸಾಲು ಇಳಿಯಿತು. ಬೆಳಗಿನ ಜಾವದ ಕತ್ತಲಲ್ಲಿ ಕಣ್ಣಿದ್ದವರು ತಡವರಿಸುತ್ತಿದ್ದರೆ ಕಣ್ಣಿಲ್ಲದ ಬೆಳ್ಳಿಚುಕ್ಕಿ ಮುಂದೆ ಹೋಗುತ್ತಿತ್ತು. ಹೀಗೆ ಎರಡು ಮಳೆಗಾಲ ಕಳೆಯಿತು. ಮೆಲ್ಚೋರಾ ನಿಧಾನವಾದಳು, ವಯಸ್ಸಾಯಿತು ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ ಎಂದು ಅವರು ಬೇಕೆಂದೇ ಒಂದಿಷ್ಟು ಕುಂಟಿದರು.

ಮೂರನೆಯ ಮಳೆಗಾಲದ ಕೊನೆಯಲ್ಲಿ ಭೂಮಿ ನಡುಗಿತು. ದೂರದಲ್ಲಿ ಸದಾ ಹೊಗೆಯಾಡುವ ಬೆಟ್ಟವಿರುವ ಈ ಸೀಮೆಯಲ್ಲಿ ನೆಲ ನಡುಗಿದರೆ ಜನ ಗಡಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನಾಗುತ್ತಾರೆ, ಅಷ್ಟೇ. ಆದರೆ ಈ ಸಲ ನಡುದಾರಿಯ ಒಂದು ತಿರುವು ಕುಸಿದು ಹೋಯಿತು. ಊರವರು ಸೇರಿ ಸ್ವಲ್ಪ ಮೇಲಿನಿಂದ ಹೊಸ ತಿರುವು ಕಡಿದರು. ಅಗಲವಾಗಿಯೇ ಇತ್ತು, ಹಳೆಯದಕ್ಕಿಂತ ಚೆನ್ನಾಗಿತ್ತು. ಲುಸೇರಾ ಅಲ್ಲಿಗೆ ಬಂದು ನಿಂತಿತು. ನಿಂತದ್ದು ಕದಲಲಿಲ್ಲ.

ಹಿಂದೆ ಸಾಲು ನಿಂತಿತು, ಸಾಲಿನ ಹಿಂದೆ ಚಾರಣಿಗರು. ಏನಾಯಿತೆಂದು ನೋಡಲು ಒಬ್ಬ ಹುಡುಗಿ ಮುಂದೆ ಬಂದು ತನ್ನ ಹಣೆಯ ದೀಪವನ್ನು ನೇರವಾಗಿ ಕುದುರೆಯ ಮುಖಕ್ಕೆ ಹಿಡಿದಳು. ಕುದುರೆ ರೆಪ್ಪೆ ಮುಚ್ಚಲಿಲ್ಲ. ಎಷ್ಟು ಸಾಧು ಪ್ರಾಣಿ ಎಂದು ಹುಡುಗಿ ಮೆಚ್ಚಿಕೊಂಡಳು. ಅವಳ ಬೆನ್ನಿಗೇ ಬಂದು ನಿಂತಿದ್ದ ನಿಕನೋರ್ ಟಾಕೋ ಮಾತ್ರ ಮೆಚ್ಚಲಿಲ್ಲ. ಹೇಸರಗತ್ತೆಯವರ ಸಂಘಕ್ಕೆ ಅವರೇ ಹಿರಿಯರು. ಮೆಲ್ಚೋರಾರ ಮಗಳ ಜ್ಞಾನಸ್ನಾನದ ದಿನ ಇಗರ್ಜಿಯಲ್ಲಿ ಮಗುವನ್ನು ಎತ್ತಿಕೊಂಡು ನಿಂತವರು. ಆ ನಂಟಿಗೆ ಇಲ್ಲಿ ರಕ್ತಸಂಬಂಧಕ್ಕಿಂತ ತೂಕ ಹೆಚ್ಚು. ಅಂದಿನಿಂದ ಆಕೆ ಅವರಿಗೆ ಕೊಮಾದ್ರೆ, ಅವರು ಆಕೆಗೆ ಕೊಂಪಾದ್ರೆ. ನಿಕನೋರ್ ಆ ಹುಡುಗಿಯನ್ನು ಸಾಲಿನ ಹಿಂದಕ್ಕೆ ಕಳಿಸಿದರು. ಹೇಸರಗತ್ತೆಗಳನ್ನು ಒಂದೊಂದಾಗಿ ಹಗ್ಗ ಹಿಡಿದು ತಿರುವು ದಾಟಿಸಿದರು. ಲುಸೇರಾಳನ್ನು ಮೆಲ್ಚೋರಾ ಮೇಲಕ್ಕೆ ವಾಪಸು ಕರೆದೊಯ್ದರು.

ಸಂಜೆ ನಿಕನೋರ್ ಮನೆಗೆ ಬಂದರು. ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು.

"ಯಾವಾಗಿಂದ, ಕೊಮಾದ್ರೆ?"

"ನೀವು ಮನೆಗೆ ಹೊಸಾ ತಗಡು ಹೊದಿಸಿದ್ರಲ್ಲ, ಅದಕ್ಕೂ ಮುಂಚಿಂದ."

"ನಂಗೆ ಹೇಳ್ಬೇಕಿತ್ತು."

"ಹೇಳಿದ್ರೆ ಏನು ಮಾಡ್ತಿದ್ರಿ?"

ನಿಕನೋರ್ ಟೋಪಿಯ ಅಂಚನ್ನು ತಿರುಗಿಸಿದರು. ಒಂದು ಕಾಲಕ್ಕೆ ಅವರದೇ ಹೇಸರಗತ್ತೆಯೊಂದು ಹೊರೆಸಮೇತ ಈ ದಾರಿಯಿಂದ ಜಾರಿತ್ತು. ಅದು ಬಿದ್ದ ಸದ್ದನ್ನು ಅವರು ಯಾರ ಹತ್ತಿರವೂ ಆಡುವುದಿಲ್ಲ. "ದಾರಿ ಒಬ್ಬಳದಲ್ಲ ಕೊಮಾದ್ರೆ, ಹಿಂದೆ ಬರೋರೆಲ್ಲರದೂ," ಎಂದರು. ಊರ ಇಗರ್ಜಿಯ ಅಸುಂತಾ ಅಮ್ಮನ ಹಬ್ಬದ ಹೊತ್ತಿಗೆ ಹೊರಗಿನಿಂದ ಒಂದು ತಂಡ ಬರುವುದಿತ್ತು. ತಳದಲ್ಲಿ ನದಿಗೆ ಬಂದು ಸೇರುವ ಇಕ್ಕಟ್ಟಾದ ಪಕ್ಕದ ಕಮರಿಯೊಳಗೆ, ಊರಿನ ಯಾರೂ ಹೋಗದ ಕಡೆಗೆ, ಹಗ್ಗ ಕಟ್ಟಿಕೊಂಡು ಹೋಗುವವರು. ಹೊರೆ ಬಹಳ. ಆ ದಿನ ಲುಸೇರಾ ಎಲ್ಲರ ಎದುರಿಗೆ ಹೊಸ ತಿರುವು ದಾಟಿದರೆ ಸರಿ, ಎಂದರು ನಿಕನೋರ್. ದಾಟದಿದ್ದರೆ ಗಂಟೆ ನಿಕನೋರ್‌ರ ಎಳೆಯ ಕುದುರೆಯ ಕೊರಳಿಗೆ, ಲುಸೇರಾ ಹಬ್ಬದ ಮಾರನೆಯ ಸಂತೆಗೆ.

ಅದಾದ ಮೇಲೆ ದಿನಾ ಬೆಳಗಿನ ಜಾವ ಮೆಲ್ಚೋರಾ, ಲುಸೇರಾ ಇಬ್ಬರೇ ಆ ತಿರುವಿಗೆ ಇಳಿದರು. ಬಾರ್ಲಿಯನ್ನು ಮೂತಿಗೆ ಹಿಡಿದರು, ಹಾಡು ಗುನುಗಿದರು, ಬೈದರು. ಏನು ಮಾಡಿದರೂ ಕುದುರೆ ಕಿವಿ ಮುಂದಕ್ಕೆ ಚಾಚಿ ನಿಂತೇ ಇರುತ್ತಿತ್ತು, ಬಾಗಿಲು ತೆರೆಯಲಿ ಎಂದು ಕಾಯುವವರ ಹಾಗೆ. ಒಂದು ದಿನ ಸಾಕಾಗಿಹೋಗಿ, ಮೊಂಡುಬಿದ್ದ ಹೇಸರಗತ್ತೆಗೆ ಇಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದರು. ಹೊದಿಕೆ ಬಿಚ್ಚಿ ಕುದುರೆಯ ಕಣ್ಣು ಮುಚ್ಚಿ ಕಟ್ಟಿದರು. ಗಂಟು ಹಾಕಿದ ಮೇಲೆ ತಾನೇನು ಮಾಡಿದೆನೆಂದು ಹೊಳೆಯಿತು.

"ನಗು ಬಂತು, ಆಮೇಲೆ ಅಳು ಬಂತು. ಕುರುಡಿಗೆ ಕಣ್ಣು ಕಟ್ಟಿದ್ನಲ್ಲಪ್ಪ. ಅವಳು ಪಾಪ ಹಾಗೇ ನಿಂತಿದ್ಲು, ಇವಳಿಗೇನಾಗಿದೆ ಇವತ್ತು ಅಂತ."

ಅಳು ಮುಗಿಯುವವರೆಗೆ ಅಲ್ಲೇ ಕುಳಿತರು. ಆಮೇಲೆ ಅದೇ ಹೊದಿಕೆಯನ್ನು ಕುದುರೆಯಿಂದ ಬಿಚ್ಚಿ ತಮ್ಮ ಕಣ್ಣಿಗೆ ಕಟ್ಟಿಕೊಂಡರು. ಕೈಗೆ ಸಿಕ್ಕ ಹರಳನ್ನು ಎಸೆದರು.

ಟಿಕ್ ಎನ್ನಲಿಲ್ಲ.

ಇನ್ನೊಂದು ಎಸೆದರು. ಅದೂ ಇಲ್ಲ. ಕಲ್ಲು ಕೈ ಬಿಟ್ಟದ್ದೇ ಲೋಕದಿಂದ ಹೊರಗೆ ಹೋದಂತಿತ್ತು. ಅಂಚು ಇಲ್ಲ, ಆಳ ಇಲ್ಲ, ತಳವೂ ಇಲ್ಲ. ಮೆಲ್ಚೋರಾ ಕುಳಿತಲ್ಲೇ ಹಿಂದಕ್ಕೆ ಸರಿದರು. ಕಣ್ಣು ಬಿಚ್ಚಿ ನೋಡಿದರೆ ಎದುರಿಗೆ ಅಗಲವಾದ ದಾರಿ. ಅದರ ಹೊರಬದಿಗೆ ಕುಸಿತದಲ್ಲಿ ಮೇಲಿನಿಂದ ಇಳಿದ ಬೂದಿಮಣ್ಣು ಹಾಸಿಗೆ ಹಾಸಿದಂತೆ ಮೆತ್ತಗೆ ಬಿದ್ದಿದೆ. ಎರಡು ಹರಳೂ ಅದರಲ್ಲಿ ಸದ್ದಿಲ್ಲದೆ ಹೂತು ಮಲಗಿವೆ. ಇಷ್ಟು ದಿನ ಎಸೆದವೂ ಹೀಗೇ ಹೂತಿದ್ದವು, ದಾರಿ ಕಣ್ಣಿಗೆ ಕಾಣುತ್ತಿದ್ದರಿಂದ ಅವರು ಕಿವಿಗೊಟ್ಟಿರಲಿಲ್ಲ. ಲುಸೇರಾ ಮೊಂಡುಬಿದ್ದಿರಲಿಲ್ಲ. ಅದರ ಲೆಕ್ಕದಲ್ಲಿ ಅಲ್ಲಿ ಭೂಮಿಯೇ ಇರಲಿಲ್ಲ.

ಅವತ್ತೇ ಅವರು ಕುದುರೆಯನ್ನು ಮೇಲೆ ಕಟ್ಟಿ, ಒಬ್ಬರೇ ನಡೆದು ತಳಕ್ಕಿಳಿದರು. ಫೌಸ್ತಾರ ಗುಡಿಸಲ ಮುಂದೆ ಅಂಜೂರದ ಕೊಂಬೆಗೆ ಒಂದು ಚಪ್ಪಟೆ ಕಲ್ಲು ತೂಗುಬಿಟ್ಟಿತ್ತು. ಬಡಿದರೆ ಕಂಚಿನಂತೆ ನುಡಿಯುತ್ತಿತ್ತು. ಊಟಕ್ಕೆ ಕರೆಯುತ್ತಿದ್ದುದು ಅದನ್ನು ಬಡಿದೇ. ಅಂಥ ಕಲ್ಲು ನದಿಯ ಆಚೆ ದಂಡೆಯಲ್ಲಿ ಹುಡುಕಿದರೆ ಸಿಗುತ್ತದೆ. ಮೆಲ್ಚೋರಾ ಮೊದಲು ಮರಕ್ಕೆ ಕಟ್ಟಿದ್ದನ್ನೇ ಬಿಚ್ಚಿಕೊಂಡರು.

"ಅಯ್ಯೋ ಇವಳ, ನನ್ನ ಊಟದ ಗಂಟೆನೇ ಹೊತ್ಕೊಂಡು ಹೊರಟ್ಯಲ್ಲೇ," ಎಂದರು ಫೌಸ್ತಾ, ಒಲೆಯ ಮುಂದಿನಿಂದ ಏಳದೆ. "ಇನ್ಮೇಲೆ ಜನಾನ ಏನು ಬಡಿದು ಕರೀಲಿ, ನಿನ್ನ ತಲೇನಾ?"

"ಅದು ಇಷ್ಟು ಚೆನ್ನಾಗಿ ನುಡಿಯಲ್ಲ ಕಣೇ. ಒಳಗೆ ಏನೂ ಇಲ್ಲ."

ನಕ್ಕರೂ, ಅಲ್ಲಿಂದ ಮುಂದೆ ದಂಡೆಯಲ್ಲಿ ಕಲ್ಲು ತಟ್ಟಿ ತಟ್ಟಿ ಆರಿಸಿ ಗುಡ್ಡೆ ಹಾಕಿಟ್ಟವರು ಫೌಸ್ತಾರೇ. ಮೆಲ್ಚೋರಾ ಅವನ್ನು ಬೆನ್ನ ಜೋಳಿಗೆಯಲ್ಲಿ, ಕೂಸು ಹೊತ್ತಂತೆ ಹೊತ್ತು, ತಿರುವಿಗೆ ಸಾಗಿಸಿದರು. ಬೂದಿಮಣ್ಣಿನ ಅಂಚಿಗುಂಟ ಒಂದಕ್ಕೊಂದು ಒತ್ತಾಗಿ ನೆಟ್ಟರು. ಇದನ್ನು ಕಂಡ ನಿಕನೋರ್ ಮೊದಲು ಬೇರೆಯೇ ತಿಳಿದರು. ಬೆಟ್ಟಕ್ಕೆ ಪೀಠ ಕಟ್ಟಿ ಲಂಚ ಕೊಡುವುದು ಬೇಡ, ಬೆಟ್ಟ ಅಂಥದ್ದಲ್ಲ ಎಂದು ಗದರಿದರು.

"ಕಣ್ಣು ಮುಚ್ಚಿ, ಕೊಂಪಾದ್ರೆ," ಎಂದು ಅವರ ಕೈಗೆ ಒಂದು ಹರಳು ಕೊಟ್ಟರು.

ನಿಕನೋರ್ ಕಣ್ಣು ಮುಚ್ಚಿ ಬರಿಯ ಬೂದಿಯ ಕಡೆಗೊಮ್ಮೆ ಎಸೆದರು, ಕಲ್ಲು ನೆಟ್ಟ ಕಡೆಗೊಮ್ಮೆ ಎಸೆದರು. ಹಾಗೇ ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಹೊರಟುಹೋದರು. ಮರುದಿನ ತಳದಿಂದ ಮೇಲೆ ಬಂದ ಅವರ ಹೇಸರಗತ್ತೆಗಳ ಬೆನ್ನಿನ ಮೇಲೆ ಅಂಜೂರದ ಬುಟ್ಟಿಯ ಜೊತೆ ಒಂದಿಷ್ಟು ನುಡಿಯುವ ಕಲ್ಲುಗಳೂ ಇದ್ದವು. "ಮಾತು ಮಾತೇ," ಎಂದು ಮಾತ್ರ ನೆನಪಿಸಿದರು. "ಅವತ್ತು ದಾಟಬೇಕು."

ಆ ದಿನ ಬಂತು. ಹಬ್ಬದ ಬ್ಯಾಂಡಿನವರು ಊರಲ್ಲಿ ಇನ್ನೂ ಮಲಗಿದ್ದರು. ತಂಡದವರು ಹಗ್ಗದ ಸುರುಳಿ, ತಲೆಗವಚ, ತಮ್ಮ ಕನಸುಗಳನ್ನೆಲ್ಲ ಹೊರೆ ಕಟ್ಟಿಸಿ ಸಾಲಿನ ಹಿಂದೆ ನಡೆದರು. ಮುಂದೆ ಮೆಲ್ಚೋರಾ, ಅವರ ಬೆನ್ನಿಗೆ ಲುಸೇರಾಳ ಬಿಸಿಯುಸಿರು, ಕೊನೆಯಲ್ಲಿ ನಿಕನೋರ್. ಹೊಸ ತಿರುವಿಗೆ ಬಂದಾಗ ಆಕಾಶ ಬೂದಿಬಣ್ಣಕ್ಕೆ ತಿರುಗಿತ್ತು. ಮೆಲ್ಚೋರಾ ಎಸೆದರು. ಟಣ್. ಲುಸೇರಾ ಕಿವಿ ನಿಮಿರಿಸಿತು. ಮೊದಲ ಹೆಜ್ಜೆ ಇಟ್ಟಿತು, ಎರಡನೆಯದನ್ನೂ ಇಟ್ಟಿತು. ತಿರುವಿನ ನಡುಮಧ್ಯಕ್ಕೆ ಬಂದಿತ್ತು. ಅಷ್ಟರಲ್ಲಿ ಹಿಂದಿನವರಿಗೂ ಆಸೆಯಾಯಿತು. ಬೆಟ್ಟಕ್ಕೆ ಕಾಣಿಕೆ, ನಮ್ಮದೂ ಒಂದಿರಲಿ ಎಂದು ಒಬ್ಬ ಬಗ್ಗಿ ಕಲ್ಲೆತ್ತಿ ಎಸೆದ. ಅವನನ್ನು ನೋಡಿ ಇನ್ನೊಬ್ಬ, ಮತ್ತೊಬ್ಬಳು. ಅಂಚಿನಲ್ಲಿ, ಬಂಡೆಯಲ್ಲಿ, ಕೆಳಗೆ, ಎಲ್ಲಿ ನೋಡಿದರಲ್ಲಿ ಟಣ್ ಟಿಕ್ ಟಪ್. ಇಡೀ ಕೊಳ್ಳವೇ ಅಂಚಾಯಿತು. ಲುಸೇರಾ ನಡುಗಿತು. ಎತ್ತಿದ ಮುಂಗಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದು ನಿಂತಿತು. ಗಂಟೆ ಹುಚ್ಚು ಹಿಡಿದಂತೆ ಬಡಿದುಕೊಂಡಿತು. ಹಿಂದಿನ ಹೇಸರಗತ್ತೆಗಳು ಒಂದನ್ನೊಂದು ಒತ್ತತೊಡಗಿದವು.

ಮೆಲ್ಚೋರಾಗೆ ತಿರುಗಿ ನೋಡುವಂತಿರಲಿಲ್ಲ. ತಿರುಗಿದರೆ ಕುದುರೆಯ ಮೂತಿಗೆ ಬೆನ್ನು ತಪ್ಪುತ್ತದೆ. ಕೂಗುವಂತೆಯೂ ಇರಲಿಲ್ಲ. ಸಂತೆ, ಕತ್ತಿ, ಅಪ್ಪ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಹಾದುಹೋಯಿತು ಎಂದು ಅವರು ಈಗ ಹೇಳುತ್ತಾರೆ.

ಆಗ ಹಿಂದಿನಿಂದ ಸದ್ದುಗಳು ಒಂದೊಂದಾಗಿ ಕಡಿಮೆಯಾದವು. ನಿಕನೋರ್ ಸಾಲಿನ ಒಳಮಗ್ಗುಲಿನಿಂದ ಬಂಡೆಗೆ ಮೈ ಸವರಿಕೊಂಡು ಮುಂದೆ ಬರುತ್ತಿದ್ದರು. ಪ್ರತಿಯೊಬ್ಬರ ಮುಂದೆಯೂ ನಿಂತು, ಅವರ ಮುಷ್ಟಿಯನ್ನು ತಮ್ಮ ಕೈಯಿಂದ ಮುಚ್ಚಿ, ತುಟಿಯ ಮೇಲೆ ಬೆರಳಿಡುತ್ತಿದ್ದರು. ಅಷ್ಟೇ. ಯಾರೂ ಯಾಕೆಂದು ಕೇಳಲಿಲ್ಲ. ಮೌನ ಸಾಲಿನುದ್ದಕ್ಕೂ ಹರಡಿತು. ಹೇಸರಗತ್ತೆಗಳೂ ಕಿವಿ ಅಲ್ಲಾಡಿಸದೆ ನಿಂತವು. ಎದುರಿನ ಗೋಡೆಯಂಥ ಬೆಟ್ಟದಲ್ಲಿ ಕೊಂಡರ್ ಹದ್ದೊಂದು ರೆಕ್ಕೆ ಬಿಚ್ಚಿದ ಸದ್ದು ಕೂಡ ಈಚೆಗೆ ಕೇಳಿಸಿತಂತೆ. ಆ ಮೌನದ ಒಳಗೆ ಮೆಲ್ಚೋರಾ ಒಂದೇ ಒಂದು ಹರಳನ್ನು, ಹಣ್ಣಾದ ಅಂಜೂರವನ್ನು ತಟ್ಟೆಗೆ ಇಡುವಷ್ಟು ಮೆತ್ತಗೆ, ಚಿಮ್ಮಿದರು.

ಟಣ್.

ಲುಸೇರಾ ಕಾಲು ಕೆಳಗಿಟ್ಟಿತು. ಅಲ್ಲಿ ನೆಲವಿತ್ತು.

ತಿರುವು ದಾಟಿದ ಮೇಲೆ ನಿಕನೋರ್ ಮುಂದೆ ಬಂದು ಕುದುರೆಯ ಹಣೆಯ ಬಿಳಿ ಚುಕ್ಕೆಯ ಮೇಲೆ ಅಂಗೈ ಇಟ್ಟರು. ಮಾರನೆಯ ಸಂತೆಗೆ ಅವರು ಎರಡು ಕುರಿ ಹೊಡೆದುಕೊಂಡು ಹೋದರು, ಕುದುರೆಯನ್ನಲ್ಲ. ಎಳೆಯ ಕುದುರೆಯನ್ನು ಈಗ ಲುಸೇರಾಳ ಹಿಂದೆಯೇ ನಡೆಸುತ್ತಾರೆ. ಅದೂ ಕಿವಿ ಚಾಚುವುದನ್ನು ಕಲಿಯುತ್ತಿದೆ. ಹೊಸ ತಿರುವಿನಲ್ಲಿ ಎಲ್ಲರೂ ಮಾತು ನಿಲ್ಲಿಸಿ, ಕೈ ಮುಚ್ಚಿ ನಡೆಯಬೇಕೆಂಬುದು ಸಂಘದ ನಿಯಮವಾಗಿದೆ. ಬೆಟ್ಟದ ಮೇಲಿನ ಭಕ್ತಿಯಿಂದ ಎಂದು ಚಾರಣಿಗರು ಅಂದುಕೊಳ್ಳುತ್ತಾರೆ. ಅದೇನೂ ಸುಳ್ಳಲ್ಲ ಎನ್ನುತ್ತಾರೆ ನಿಕನೋರ್.

ಪಕ್ಕದ ಕಮರಿಗೆ ಹೋದವರು ದಿನಗಳ ಮೇಲೆ ಹೊರಬಂದರು. ಮೈಕೈ ತರಚಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. ಫೌಸ್ತಾರ ಜಗಲಿಯಲ್ಲಿ ಕುಳಿತು, ಕಂಡದ್ದನ್ನೆಲ್ಲ ಒಬ್ಬರ ಬಾಯಿಂದ ಇನ್ನೊಬ್ಬರು ಕಿತ್ತುಕೊಂಡು ಹೇಳಿದರು: ಕೆಂಪು, ನೇರಳೆ ಪದರದ ಗೋಡೆಗಳು, ನೂಲಿನಷ್ಟು ಸಣ್ಣ ಆಕಾಶ, ಎಂದೂ ಬಿಸಿಲು ಕಾಣದ ಮಡು. ಲುಸೇರಾಳ ಕೊರಳ ಗಂಟೆ ಬಿಗಿಯುತ್ತಿದ್ದ ಮೆಲ್ಚೋರಾ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು. ಒಳಗೆ ಕಲ್ಲು ಬಿದ್ದರೆ ಹೇಗೆ ಕೇಳಿಸುತ್ತದೆ? ತಂಡದ ಒಬ್ಬಳು, ನೆನಪಿಸಿಕೊಳ್ಳುತ್ತ, ಬಹಳ ಹೊತ್ತು ಬೀಳುತ್ತಲೇ ಇದ್ದ ಹಾಗೆ ಕೇಳಿಸಿತು ಎಂದಳು. ಮೆಲ್ಚೋರಾ ತಲೆದೂಗಿದರು. ಅವರಿಗೆ ಅಷ್ಟು ಸಾಕಾಗಿತ್ತು. ಅಂದು ಹತ್ತುವ ದಾರಿಯುದ್ದಕ್ಕೂ ಅವರು ಆ ಕಮರಿಯೊಳಗೇ ನಡೆಯುತ್ತಿದ್ದಂತಿತ್ತು.

ಮೆಲ್ಚೋರಾರ ಬಲಗಣ್ಣಿನ ಮೂಲೆಯಿಂದ ತೆಳುವಾದ ಪೊರೆಯೊಂದು ಕರಿಗುಡ್ಡೆಯ ಕಡೆಗೆ ಹೊರಟಿದೆ, ಅಪ್ಪನಿಗೆ ಹೊರಟಂತೆ. ಆರೋಗ್ಯ ಕೇಂದ್ರದವರು ಕಪ್ಪು ಕನ್ನಡಕ ಕೊಟ್ಟಿದ್ದಾರೆ. ಅದು ಸದಾ ಟೋಪಿಯ ಮೇಲೆ ಕುಳಿತಿರುತ್ತದೆ. ಹಾಕಿಕೊಳ್ಳಿ ಎಂದರೆ, ಲುಸೇರಾಗೆ ನನ್ನ ಗುರುತು ಸಿಗಲ್ಲ ಎಂದು ಗಂಭೀರವಾಗಿ ಹೇಳಿ ಕಣ್ಣು ಮಿಟುಕಿಸುತ್ತಾರೆ.

ಈಗ ಮೂಡಣದಲ್ಲಿ ನಿಜವಾದ ಬೆಳ್ಳಿಚುಕ್ಕಿ ಮಂಕಾಗುತ್ತಿದೆ. ಕೊಳ್ಳದ ಎದುರು ಗೋಡೆಯ ತುದಿಗೆ ಕೆಂಪು ಹತ್ತಿದೆ, ತಳ ಇನ್ನೂ ನಿದ್ದೆಯಲ್ಲಿದೆ. ಬೇಕಾದ್ದು ಏನಾದರೂ ಇದೆಯೇ ಎಂದು ಕೇಳಿದರೆ ಮೆಲ್ಚೋರಾ ನಡಿಗೆ ನಿಲ್ಲಿಸುವುದಿಲ್ಲ. ಜೇಬಿಗೆ ಕೈ ಹಾಕಿ ಹರಳುಗಳನ್ನು ಕಲಕುತ್ತಾರೆ.

"ನಂಗೂ ಆ ದಿನ ಬರತ್ತೆ. ಬರ್ಲಿ. ಅವತ್ತು ಯಾರಾದ್ರೂ ಒಬ್ರು ನನ್ನ ಮುಂದೆ ನಡೀಲಿ. ಕೈ ಹಿಡಿಯೋದೇನೂ ಬೇಡ. ಒಂದು ಕಲ್ಲು ಎಸೀಲಿ, ಸಾಕು. ಮಿಕ್ಕಿದ್ದು ನಾನೇ ನಡ್ಕೋತೀನಿ."